ಕೀ ಗಾಡಿಯಲ್ಲೇ ಬಿಟ್ಟು ಬನ್ನಿ

ಗಂಡ: ಬಿಡಲ್ಲ ಕಣೇ. ನೀನು ಎಷ್ಟು ಸಲ ಹೇಳಿದ್ರೂ ಬಿಡಲ್ಲ.

ಹೆಂಡತಿ: ಚಾಲಕರೇ, ಇದು ಸುರಂಗದ ನಿಯಂತ್ರಣ ಕೊಠಡಿ. ದಯವಿಟ್ಟು ಕೀಯನ್ನು ವಾಹನದಲ್ಲೇ ಬಿಟ್ಟು ಹಸಿರು ಬಾಗಿಲ ಮೂಲಕ ಹೊರಗೆ ನಡೆಯಿರಿ.

ಗಂಡ: ಚಾಲಕರೇ ಅಂತೆ. ಬೆಳಿಗ್ಗೆ ತಿಂಡಿ ತಿನ್ನೋವಾಗ ರೀ ಅಂತಿದ್ದೆ.

(ಊರಿನ ಕೆಳಗೆ ಆರು ವರ್ಷ ಕೊರೆದ ಹೆದ್ದಾರಿ ಸುರಂಗ ನಾಳೆ ತೆರೆಯಬೇಕು. ಅದಕ್ಕೂ ಮುಂಚೆ ಇವತ್ತು ಬೆಂಕಿಯ ಅಣಕು ಕಾರ್ಯಾಚರಣೆ. ಸಿಬ್ಬಂದಿಯ ಮನೆಯವರೇ ನಲವತ್ತು ಜನ ತಂತಮ್ಮ ಗಾಡಿ ತಂದು ಒಳಗೆ ನಿಂತಿದ್ದಾರೆ. ಹುಸಿ ಹೊಗೆ ಬಿಟ್ಟ ಎಂಟು ನಿಮಿಷದೊಳಗೆ ಅವರೆಲ್ಲ ಹಸಿರು ಬಾಗಿಲಿಂದ ಪಕ್ಕದ ಸುರಂಗಕ್ಕೆ ದಾಟಬೇಕು. ದಾಟದಿದ್ದರೆ ಸುರಂಗ ತೆರೆಯುವುದಿಲ್ಲ, ಮೈಕಿನ ಮುಂದೆ ಕೂತ ಇವಳಿಗೆ ಪಾಳಿಯ ಮುಖ್ಯಸ್ಥೆಯ ಹುದ್ದೆಯೂ ಸಿಗುವುದಿಲ್ಲ. ಆ ಹುದ್ದೆಗೆ ಅವಳು ಮೂರು ವರ್ಷದಿಂದ ಕಾದಿದ್ದಾಳೆ.

ಸಾಲಿನಲ್ಲಿ ಮೊದಲನೇ ಕಾರು ಅವಳ ಗಂಡನದು. ಹಳೇ ಕಾರು. ಆತ ಇಳಿದು, ಗೋಡೆಯ ತುರ್ತು ಫೋನು ಒಂದು ಕೈಯಲ್ಲಿ, ಕಾರಿನ ಕೀ ಇನ್ನೊಂದು ಕೈಯಲ್ಲಿ ಹಿಡಿದು ಬಾಗಿಲಿಗೆ ಅಡ್ಡವಾಗಿ ನಿಂತಿದ್ದಾನೆ. ಹಿಂದಿನ ಮೂವತ್ತೊಂಬತ್ತು ಜನ, ಮುಂದಿನವರು ಮೊದಲು ಹೋಗಲಿ ಎಂದು ಬಹಳ ಮರ್ಯಾದೆಯಿಂದ ಕಾಯುತ್ತಿದ್ದಾರೆ.

ಅವಳ ಬೆನ್ನ ಹಿಂದೆ ಸುರಂಗದ ಸುರಕ್ಷತೆ ನೋಡಲು ಬಂದ ಪರೀಕ್ಷಕರು. ಬೆಳಿಗ್ಗೆಯಿಂದ ಅವರದು ಒಂದೇ ಪ್ರಶ್ನೆ. ಫ್ಯಾನು ಕೈಕೊಟ್ಟರೆ? ಕರೆಂಟು ಕೈಕೊಟ್ಟರೆ? ಬದಲಿ ಏನಿದೆ ಎಂದು ಕಣ್ಣಾರೆ ನೋಡದೆ ಒಂದು ಟಿಕ್ಕನ್ನೂ ಹಾಕಿದವರಲ್ಲ. ತುರ್ತು ಫೋನಿನ ಮಾತೆಲ್ಲ ಕೊಠಡಿಯ ಸ್ಪೀಕರಿನಲ್ಲಿ ಕೇಳಬೇಕು ಎಂಬುದು ನಿಯಮ. ಹಾಗಾಗಿ ಕೇಳುತ್ತಿದೆ.)

ಪರೀಕ್ಷಕರು: ಎರಡು ನಿಮಿಷ ಆಯ್ತು. ಯಾರಮ್ಮಾ ಇವರು?

ಹೆಂಡತಿ: ಯಾರೋ ಸಾರ್ವಜನಿಕರು ಸರ್.

ಗಂಡ: ಯಾರೋ? ಮದುವೆಯಾಗಿ ಹದಿನಾಲ್ಕು ವರ್ಷ ಆದ್ಮೇಲೆ ಯಾರೋನಾ?

ಹೆಂಡತಿ: ಚಾಲಕರೇ, ಹೊಗೆ ನಿಮ್ಮ ಕಡೆಗೇ ಬರುತ್ತಿದೆ.

ಗಂಡ: ಗೊತ್ತಾಯ್ತು, ಗೊತ್ತಾಯ್ತು. ಹೊಗೆ ಅಂತ ಸುತ್ತಿ ಬಳಸಿ ಯಾಕೆ ಹೇಳ್ತೀಯ? ಆ ಪಾತ್ರೆ ಸುಟ್ಟಿದ್ದು ನಾನೇ. ನಿಮ್ಮಮ್ಮ ಅಲ್ಲ. ಮಂಚದ ಕೆಳಗಿದೆ, ಸಂಜೆ ಉಜ್ಜಿ ಕೊಡ್ತೀನಿ. ಈಗಲಾದ್ರೂ ಸರಿಯಾಗಿ ಮಾತಾಡು.

(ಆ ಪಾತ್ರೆಗಾಗಿ ಅವಳ ತಾಯಿ ಹದಿನೈದು ದಿನ ಬೈಗುಳ ಕೇಳಿದ್ದರು.)

ಪರೀಕ್ಷಕರು: ಮೂರೂವರೆ. ಕೀ ಯಾಕೆ ಬಿಡಬೇಕು ಅಂತ ಅವರಿಗೆ ತಿಳಿಸಿ ಹೇಳಿ.

ಹೆಂಡತಿ: ಚಾಲಕರೇ, ಅಗ್ನಿಶಾಮಕ ಸಿಬ್ಬಂದಿ ನಿಮ್ಮ ವಾಹನವನ್ನು ಪಕ್ಕಕ್ಕೆ ಸರಿಸಬೇಕಾಗುತ್ತದೆ. ಅದಕ್ಕೆ ಕೀ ಬೇಕು.

ಗಂಡ: ಅವರಿಗೆ ಕೊಡಬಹುದಾ? ಭಾನುವಾರ ನನಗೇ ಕೊಡಲ್ಲ ನೀನು.

ಹೆಂಡತಿ: ಅದು ಬೇರೆ ವಿಷಯ, ಚಾಲಕರೇ.

ಗಂಡ: ಏನು ಬೇರೆ? ಮಾರ್ಕೆಟ್ಟಿನ ಮುಂದೆ ಒಂದು ಸಲ ಕೀ ಕಾರೊಳಗೇ ಬಿಟ್ಟು ಬಾಗಿಲು ಹಾಕಿಕೊಂಡು ನಾನು ಮೂರು ಗಂಟೆ ಬಿಸಿಲಲ್ಲಿ ನಿಂತೆ. ಪ್ರಾಣ ಹೋದ್ರೂ ಕೀ ಬಿಡಲ್ಲ ಅಂತ ಆಣೆ ಹಾಕಿಸಿಕೊಂಡೆ ನೀನು. ಹೋದ ವಾರ ಅಂಗಡಿ ಹತ್ರ, ಪರವಾಗಿಲ್ಲ, ಬಿಟ್ಟು ಬನ್ನಿ ಅಂದೆ. ನಾನು ನಂಬಿ ಬಿಟ್ಟೆ. ಆಮೇಲೆ, ನೋಡಿ ಬುದ್ಧಿ ಬಂದಿಲ್ಲ ಅಂದೆ. ಮತ್ತೆ ಅದೇ ಪರೀಕ್ಷೆ ತಾನೇ ಇದು? ಈ ಸಲ ನಾನು ಫೇಲಾಗಲ್ಲ.

ಪರೀಕ್ಷಕರು: ಐದೂವರೆ.

(ಅಷ್ಟರಲ್ಲಿ ಅವಳ ತಾಳ್ಮೆಯ ಕಟ್ಟೆ ಒಡೆಯಿತು. ಎದ್ದು ನಿಂತು ಒಂದು ಗುಂಡಿ ಒತ್ತಿದಳು. ಅದು ಗಂಡನ ಫೋನಿನ ಗುಂಡಿಯಲ್ಲ, ಇಡೀ ಸುರಂಗದ ಧ್ವನಿವರ್ಧಕದ ಗುಂಡಿ.)

ಹೆಂಡತಿ: ರೀ. ನಾನು ನಿಮ್ಮನ್ನ ಪರೀಕ್ಷೆ ಮಾಡ್ತಿಲ್ಲ, ಇಲ್ಲಿ ನನ್ನ ಪರೀಕ್ಷೆ ನಡೀತಿದೆ. ಈ ಕೆಲಸ ನನಗೆ ಬೇಕು ರೀ. ಸುಮ್ನೆ ಕೀ ಗಾಡೀಲಿಟ್ಟು ಆ ಹಸಿರು ಬಾಗಿಲಲ್ಲಿ ಹೋಗ್ತೀರೋ, ನಾನೇ ಅಲ್ಲಿಗೆ ಬರ್ಲೋ?

(ಸುರಂಗದುದ್ದಕ್ಕೂ ಅರವತ್ತು ಸ್ಪೀಕರುಗಳು ಈ ಪ್ರಶ್ನೆ ಕೇಳಿದವು. ನಲವತ್ತೂ ಜನ ಒಮ್ಮೆಲೇ ಬಾಗಿಲ ಕಡೆ ನಡೆದರು. ಒಬ್ಬರ ಚಪ್ಪಲಿ ಅಲ್ಲೇ ಉಳಿಯಿತು, ತೆಗೆಯಲು ಅವರು ಬಗ್ಗಲಿಲ್ಲ. ಬೆಂಕಿ ಆರಿಸಲು ಬಂದಿದ್ದ ಇಬ್ಬರೂ ಸಾಲಿನಲ್ಲಿ ಸೇರಿ ಅರ್ಧ ದಾರಿ ಹೋಗಿ, ತಮ್ಮ ಕೆಲಸ ನೆನಪಾಗಿ ವಾಪಸ್ಸು ಬಂದರು.)

ಪರೀಕ್ಷಕರು: ಏಳು ನಿಮಿಷ ಹತ್ತು ಸೆಕೆಂಡು. ಸುರಂಗ ಖಾಲಿ. ಅಮ್ಮಾ, ಈ ದಯವಿಟ್ಟು, ನಡೆಯಿರಿ ಎಲ್ಲ ತೆಗೆದುಹಾಕಿ. ಈಗ ಮಾತಾಡಿದ್ರಲ್ಲ, ಅದನ್ನೇ ರೆಕಾರ್ಡ್ ಮಾಡಿ ಇಟ್ಕೊಳ್ಳಿ.

(ಅವರು ಸಹಿ ಹಾಕಲು ಪೆನ್ನು ತೆಗೆದರು. ಆಗಲೇ ಅಗ್ನಿಶಾಮಕದವರ ವೈರ್‌ಲೆಸ್ ಗೊರಗುಟ್ಟಿತು. ಮೊದಲನೇ ಕಾರು ಸರಿಸಲಾಗುತ್ತಿಲ್ಲವಂತೆ. ಕೀ ಒಳಗೇ ಕಾಣುತ್ತಿದೆಯಂತೆ, ಆದರೆ ನಾಲ್ಕೂ ಬಾಗಿಲು ಲಾಕಂತೆ. ಅದೇ ಹೊತ್ತಿಗೆ ಕೊಠಡಿಗೂ ಇದ್ದ ಅಂಥದೇ ಹಸಿರು ಬಾಗಿಲು ತೆರೆದು ಗಂಡ ಎದೆಯುಬ್ಬಿಸಿಕೊಂಡು ಬಂದ.)

ಗಂಡ: ಬಿಟ್ಟೆ ಕಣೇ. ನೀನು ಹೇಳಿದ ಹಾಗೇ ಬಿಟ್ಟೆ.

ಹೆಂಡತಿ: ಬಾಗಿಲು ಯಾಕ್ರೀ ಲಾಕ್ ಮಾಡಿದ್ರಿ?

ಗಂಡ: ಕೀ ಒಳಗಿರುತ್ತೆ, ಅಷ್ಟು ಜನ ಓಡಾಡ್ತಿದ್ದಾರೆ. ಯಾರಾದ್ರೂ ಹೊಡ್ಕೊಂಡು ಹೋದ್ರೆ?

(ಪರೀಕ್ಷಕರು ಪೆನ್ನನ್ನು ಮೆಲ್ಲಗೆ ಕೆಳಗಿಟ್ಟರು. ಗಂಡನನ್ನು ಅಡಿಯಿಂದ ಮುಡಿಯವರೆಗೆ ಒಮ್ಮೆ ನೋಡಿದರು.)

ಪರೀಕ್ಷಕರು: ಫ್ಯಾನಿಗೆ ಬದಲಿ ತೋರಿಸಿದ್ರಿ, ಕರೆಂಟಿಗೆ ತೋರಿಸಿದ್ರಿ. ಇವರು ಕೈಕೊಟ್ರೆ?

(ಅವಳು ಕೈಚೀಲ ತೆರೆದು, ಕೆಂಪು ದಾರ ಕಟ್ಟಿದ ಇನ್ನೊಂದು ಕೀ ತೆಗೆದು ಅವರ ಕಾಗದದ ಮೇಲಿಟ್ಟಳು.)

ಹೆಂಡತಿ: ಕಾರು ತಗೊಂಡ ದಿನದಿಂದ ನನ್ನ ಹತ್ರಾನೇ ಇದೆ ಸರ್.

(ಪರೀಕ್ಷಕರು ಬೆಳಿಗ್ಗೆಯಿಂದ ಹಾಕಿದ್ದಕ್ಕಿಂತ ದೊಡ್ಡದೊಂದು ಟಿಕ್ ಹಾಕಿ ಸಹಿ ಮಾಡಿದರು. ಗಂಡ ಮಾತ್ರ ಆ ಕೀಯನ್ನೇ ನೋಡುತ್ತ ಏನೋ ಲೆಕ್ಕ ಹಾಕುತ್ತಿದ್ದ.)

ಗಂಡ: ಕಾರು ತಗೊಂಡ ದಿನದಿಂದ ಅಂದ್ರೆ... ಮಾರ್ಕೆಟ್ಟಿನ ಮುಂದೆ ನಾನು ಮೂರು ಗಂಟೆ ಬಿಸಿಲಲ್ಲಿ ನಿಂತಿದ್ದೆ. ನೀನು ಎದುರಿಗೆ ನೆರಳಲ್ಲಿ ಕೂತು ಎರಡು ಲೋಟ ಕಾಫಿ ಕುಡಿದೆ. ಅವತ್ತೂ ಇದು ಚೀಲದಲ್ಲೇ ಇತ್ತಾ?

(ಪಾಳಿಯ ಮುಖ್ಯಸ್ಥೆ ಕುರ್ಚಿ ಎಳೆದು ಕೂತು, ಮೈಕನ್ನು ಹತ್ತಿರ ತಂದುಕೊಂಡಳು.)

ಹೆಂಡತಿ: ಚಾಲಕರೇ, ದಯವಿಟ್ಟು ಹಸಿರು ಬಾಗಿಲ ಮೂಲಕ ಹೊರಗೆ ನಡೆಯಿರಿ.