ನೋವಿಗೆ 'ಇಂಗ್' ನಿಷೇಧಿಸಿದ ಪರೀಕ್ಷಾ ಯಂತ್ರಕ್ಕೆ

ಮಾನ್ಯ ಇಂಗ್ಲಿಷ್ ಪರೀಕ್ಷಾ ಯಂತ್ರ ಮಹಾಶಯರೇ,

ಸಾಷ್ಟಾಂಗ ವಂದನೆಗಳು. ತಮ್ಮ ಪಾದಗಳು ಎಲ್ಲಿವೆಯೆಂದು ತಿಳಿಯದ ಕಾರಣ ಪ್ಲಗ್ಗಿನ ದಿಕ್ಕಿಗೇ ಕೈಮುಗಿದಿದ್ದೇನೆ.

ದಂತವೈದ್ಯರೊಬ್ಬರ ಕ್ಲಿನಿಕ್ಕಿನಲ್ಲಿ ಹನ್ನೆರಡು ವರ್ಷ, ರೋಗಿಗಳ ಬಾಯಿಂದ ಎಂಜಲು ಹೀರುವ ಕೊಳವೆ ಹಿಡಿದು ನಿಂತವಳು ನಾನು. ಈಚೆಗೆ ಮುಂದಿನ ಮೇಜಿನಲ್ಲಿ ಕೂತು ಫೋನ್ ತೆಗೆಯುವ ಕೆಲಸ ಖಾಲಿಯಾಯಿತು. ಅದು ಕೂರುವ ಕೆಲಸವೆಂಬುದನ್ನು ತಾವು ಗಮನಿಸಬೇಕು. ನನ್ನ ಮಂಡಿಗಳು ಆಗಲೇ ಗಮನಿಸಿದ್ದವು. ತಮ್ಮ ಪರೀಕ್ಷೆಯಲ್ಲಿ ಎಪ್ಪತ್ತು ಅಂಕ ತಂದರೆ ಆ ಕುರ್ಚಿ ನನ್ನದೆಂದು ಡಾಕ್ಟರು ಹೇಳಿದರು. ತಾವು ಮೂರು ಸಲವೂ ಅರವತ್ತೆಂಟನ್ನೇ ದಯಪಾಲಿಸಿ, ಯಾರ ಗೋಗರೆತಕ್ಕೂ ಜಗ್ಗದ ಘನತೆ ಮೆರೆದಿರಿ.

ತಪ್ಪು ನನ್ನದೇ, ಒಪ್ಪಿದೆ. 'ಐ ಆಮ್ ಹ್ಯಾವಿಂಗ್ ಪೇನ್' ಎಂದು ಬರೆದಿದ್ದೆ. ತಾವು ಕೆಂಪು ಗೆರೆ ಎಳೆದು ತಿಳಿಹೇಳಿದಿರಿ: ನಡೆಯುವುದು, ತೊಳೆಯುವುದು ಈಗ ಆಗುತ್ತಿರುವ ಕೆಲಸಗಳಾದ್ದರಿಂದ ಅವಕ್ಕೆ ಬಾಲದಲ್ಲಿ 'ಇಂಗ್' ಸಲ್ಲುತ್ತದೆ, ಬೇಕೆನ್ನುವುದು, ಅರ್ಥವಾಗುವುದು, ನೋವಿರುವುದು ಬರೀ ಸ್ಥಿತಿಗಳು, ಇದ್ದಲ್ಲೇ ಇರುತ್ತವೆ, ಅವಕ್ಕೆ ಸಲ್ಲದು, 'ಐ ಹ್ಯಾವ್ ಪೇನ್' ಎಂದಷ್ಟೇ ಬರೆಯಬೇಕು.

ಎಂಥ ನೆಮ್ಮದಿಯ ಲೋಕ ತಮ್ಮದು! ನಮ್ಮ ಅತ್ತೆಯವರು ಕಿಟಕಿ ತೆಗಿ ಎನ್ನುತ್ತಾರೆ, ತೆಗೆದು ತಿರುಗುವಷ್ಟರಲ್ಲಿ ಗಾಳಿ ಜಾಸ್ತಿ, ಮುಚ್ಚು ಎನ್ನುತ್ತಾರೆ, ಮುಚ್ಚಿದರೆ ಕನ್ನಡಕ ಬೇಕು, ಕನ್ನಡಕ ಬಂದರೆ ಪೇಪರ್ ಬೇಕು. ಇದು ಇದ್ದಲ್ಲೇ ಇರುವ ಸ್ಥಿತಿಯೆಂದು ತಾವೇ ಬಂದು ಅವರಿಗೆ ವಿವರಿಸಿದರೆ ಮಹದುಪಕಾರ. ನಮ್ಮ ಯಜಮಾನರನ್ನಂತೂ ನಾನು ಹದಿನಾಲ್ಕು ವರ್ಷಗಳಿಂದ ಅರ್ಥ ಮಾಡಿಕೊಳ್ಳುತ್ತಲೇ ಇದ್ದೇನೆ. ಕೆಲಸ ಇನ್ನೂ ಮುಗಿದಿಲ್ಲ.

ಇನ್ನು ಹಲ್ಲುನೋವು. ಅದು ದವಡೆಯಿಂದ ಕಿವಿಗೆ, ಕಿವಿಯಿಂದ ನೆತ್ತಿಗೆ, ಅಲ್ಲಿಂದ ರೋಗಿಯ ಜೊತೆ ಬಂದ ಹೆಂಡತಿ ಮಕ್ಕಳ ಮೇಲೆ ಹೋಗುವುದನ್ನು ನಾನು ದಿನವೂ ಕಣ್ಣಾರೆ ಕಾಣುತ್ತೇನೆ. ದಯಮಾಡಿ ಅದಕ್ಕೂ ಒಂದು ಕೆಂಪು ಗೆರೆ ಎಳೆದು, ಇದ್ದಲ್ಲೇ ತೆಪ್ಪಗೆ ಕೂರುವಂತೆ ಆದೇಶ ಹೊರಡಿಸಬೇಕಾಗಿ ಪ್ರಾರ್ಥನೆ.

ಕಳೆದ ಮಂಗಳವಾರ ನಮ್ಮ ಡಾಕ್ಟರ ಕೆನ್ನೆಯೇ ಊದಿಕೊಂಡಿತು. ಅವರ ಗೆಳೆಯರಾದ ಇನ್ನೊಬ್ಬ ದಂತವೈದ್ಯರು ಬಂದರು. ನಮ್ಮ ಡಾಕ್ಟರು ತಮ್ಮದೇ ರೋಗಿ ಕುರ್ಚಿಯಲ್ಲಿ, ಮೂರು ಪದವಿಪತ್ರಗಳ ಕೆಳಗೆ, ಅಂಗಾತ ಮಲಗಿ, "ಐ ಆಮ್ ಹ್ಯಾವಿಂಗ್ ಟೆರಿಬಲ್ ಪೇನ್" ಎಂದು ನರಳಿದರು. ತಮ್ಮ ಶಿಷ್ಯೆಯಾದ ನಾನು ಅವರ ಬಾಯಿಗೆ ಕೊಳವೆ ಇಟ್ಟು, "ಸರ್, ಹ್ಯಾವಿಂಗ್ ಅನ್ನಬಾರ್ದು, ಮಾರ್ಕ್ಸ್ ಹೋಗುತ್ತೆ" ಎಂದು ವಿನಯದಿಂದ ತಿದ್ದಿದೆ. ಕೊಳವೆ ಇದ್ದುದರಿಂದ ಅವರು ಕಣ್ಣಲ್ಲೇ ಉತ್ತರಿಸಿದರು. ಆ ಉತ್ತರ ಬರೆಯುವಂಥದ್ದಲ್ಲ.

ಹಲ್ಲು ಕಿತ್ತ ಮೇಲೆ, ಹತ್ತಿ ಕಚ್ಚಿಕೊಂಡೇ ಔಷಧಿ ಚೀಟಿ ಎಳೆದು ಹೀಗೆ ಬರೆದುಕೊಟ್ಟರು: 'ನೋವಿದ್ದಾಗ ನಾನೂ ಅರವತ್ತೆಂಟೇ. ನಾಳೆಯಿಂದ ಫೋನ್ ನೀನೇ ತೆಗಿ.' ಓದುತ್ತ ನನ್ನ ಕಣ್ಣು ತುಂಬಿತು. ಅದು ಕೆಲಸವೋ ಸ್ಥಿತಿಯೋ ತಾವೇ ತೀರ್ಮಾನಿಸಿ. ನಾಲ್ಕನೆಯ ಪ್ರಯತ್ನಕ್ಕೆ ನಾನು ಬಾರದಿದ್ದರೆ ಬೇಸರಿಸಬಾರದು.

ಇಂತಿ, ಎರಡು ಅಂಕ ಕಡಿಮೆಯಾದರೂ
ತಮ್ಮ ವಿಶ್ವಾಸಿ,
ಕೊಳವೆ ಹಿಡಿಯುತ್ತಿದ್ದವಳು (ಕುರ್ಚಿಯಲ್ಲಿ ಕೂತು ಬರೆದದ್ದು)

ವಿ.ಸೂ.: ತಮಗೆ ಹಲ್ಲಿಲ್ಲವೆಂದು ಬಲ್ಲೆ. ಮುಂದೆಂದಾದರೂ ಮೂಡಿ, ನೋಯತೊಡಗಿದರೆ ಸಂಕೋಚವಿಲ್ಲದೆ ಫೋನ್ ಮಾಡಿ. ವಾಕ್ಯ ನೋಡುವುದಿಲ್ಲ, ಎಡವೋ ಬಲವೋ ಎಂದಷ್ಟೇ ಕೇಳುತ್ತೇನೆ.