ಒಂದು ರೂಪಾಯಿಯಡಿ ಮೂರು ತೂತು

ಔರಾದ್ ತಾಲೂಕಿನ ಕಾಡುಹಂದಿಗಳು ಬೇರೆ ಬಂದೂಕುಧಾರಿಗಳಿಗೆ ಹೆದರುತ್ತವೋ ಏನೋ ಗೊತ್ತಿಲ್ಲ. ನಮ್ಮ ಮಾಮಾನಿಗಂತೂ ಹೆದರುವುದಿಲ್ಲ. ಅವನು ಹೊಲಕ್ಕೆ ಬಂದರೆ ಮನೆಯ ಹಿರಿಯರು ಬಂದರೇನೋ ಎಂಬಂತೆ ತಲೆ ಎತ್ತಿ ನೋಡಿ, ಮತ್ತೆ ಶೇಂಗಾ ತಿನ್ನಲು ತೊಡಗುತ್ತವೆ! ಹನ್ನೆರಡು ವರ್ಷ ಬೇಟೆ ಬಂದೂಕಿನ ಲೈಸೆನ್ಸ್ ಇಟ್ಟುಕೊಂಡು ಒಂದು ಇಲಿಯನ್ನೂ ಕೊಲ್ಲದ ಇನ್ನೊಬ್ಬ ಮನುಷ್ಯ ನಿಮಗೆಲ್ಲಾದರೂ ಸಿಕ್ಕರೆ ತಿಳಿಸಿ. ಬಂದು ಅವನ ದನಿಯನ್ನೂ ಕಲಿತುಕೊಳ್ಳುತ್ತೇನೆ. ಮಂದಿಯ ದನಿ ತೆಗೆಯುವುದೊಂದೇ ನನಗೆ ಬರುವ ವಿದ್ಯೆ. ಅದೂ ಬರದೇ ಇದ್ದಿದ್ದರೆ ಚೆನ್ನಾಗಿತ್ತು.

ಮಾಮಾ ಅಂದರೆ ನಮ್ಮವ್ವನ ತಮ್ಮ. ಭಾಲ್ಕಿಯ ತೊಗರಿ ಅಡತಿ ಅಂಗಡಿಯಲ್ಲಿ ಮೂವತ್ತು ವರ್ಷ ತೂಕ ಮಾಡಿದವನು. ತಕ್ಕಡಿಯ ಮುಳ್ಳು ಕೂದಲೆಳೆಯಷ್ಟು ಬಾಗಿದರೂ ಹೇಳಿಬಿಡುತ್ತಿದ್ದ. ಬಾಗಿದ್ದು ಸೇಠರ ಕಡೆಗಾದರೆ ರೈತನಿಗೆ ಹೇಳುತ್ತಿದ್ದ, ರೈತನ ಕಡೆಗಾದರೆ ಸೇಠರಿಗೆ ಹೇಳುತ್ತಿದ್ದ. ಹೀಗಾಗಿ ಇಬ್ಬರಿಗೂ ಬೇಡವಾದ. ಮನೆಯಲ್ಲಿ ಅತ್ತೆ ಮಾಡಿದ ಸಾರಿಗೆ ಉಪ್ಪು ಎಷ್ಟು ಚಿಟಿಕೆ ಹೆಚ್ಚಾಗಿದೆ ಎಂದೂ ಹೇಳುತ್ತಿದ್ದ. ಅಲ್ಲಿಯೂ ಬೇಡವಾದ!

ಔರಾದ್ ಕಡೆ ಅವನಿಗೆ ಸ್ವಲ್ಪ ಹೊಲವಿತ್ತು. ಹಂದಿ ಕಾಟ ಹೆಚ್ಚಾದಾಗ ಬೆಳೆ ಕಾಯಲೆಂದು ಲೈಸೆನ್ಸ್ ಸಿಕ್ಕಿತು. ಕೂಡಲೇ ಊರ ಪಾಟೀಲರು ಕರೆದು ತಮ್ಮ ವಿದೇಶಿ ಬಂದೂಕು ತೋರಿಸಿದರು. ಹಿಡಿಕೆಯ ತುಂಬ ಬೆಳ್ಳಿಯ ಬಳ್ಳಿ.

“ಹಿಡದ ನೋಡು. ನವಾಬ ಆದಂಗ ಆಗ್ತದ.”

“ಭಾಳ ಚಂದ ಅದ ರೀ ಪಾಟೀಲ್ರ,” ಎಂದ ಮಾಮಾ. “ಗುಂಡು ಬಳ್ಳ್ಯಾಗಿಂದ ಬರ್ತದೋ, ನಳಿಗ್ಯಾಗಿಂದ ಬರ್ತದೋ?”

ಅವನು ಕೊಂಡದ್ದು ಒಂದು ಸೆಕೆಂಡ್ ಹ್ಯಾಂಡ್ ಮೋಟಾರ್ ಸೈಕಲ್ಲಿನ ಬೆಲೆಗೆ ಬರುವ, ಸರ್ಕಾರಿ ಕಾರ್ಖಾನೆಯ ಬೋಲ್ಟ್ ಬಂದೂಕು. ಶಾಲೆಯ ಬೆಂಚಿನ ಬಣ್ಣದ ಕಟ್ಟಿಗೆ, ಒಂದು ಕಬ್ಬಿಣದ ನಳಿಗೆ, ಬಲಗಡೆ ಬಾಗಿಲ ಅಗಳಿಯಂಥ ಒಂದು ಹಿಡಿ. ಅಷ್ಟೇ. ಒಂದೊಂದು ಗುಂಡಿಗೂ ಆ ಅಗಳಿಯನ್ನು ಎತ್ತಬೇಕು, ಹಿಂದಕ್ಕೆ ಎಳೆಯಬೇಕು, ಮುಂದಕ್ಕೆ ತಳ್ಳಬೇಕು, ಕೆಳಗೆ ಒತ್ತಬೇಕು. ಟಕ್, ಸರ್ರ್, ಸರ್ರ್, ಟಕ್.

“ಇಷ್ಟ್ಯಾಕ ತ್ರಾಸ ಮಾಮಾ? ಪಟಪಟ ಹಾರ್ಸೋದು ಒಂದು ತಗೋಬೇಕಿತ್ತು.”

“ಲೇ ಅಳಿಯಾ, ಒಂದ್ ಗುಂಡಿಗೂ ಇನ್ನೊಂದ್ ಗುಂಡಿಗೂ ನಡುವ ಜರಾ ವಿಚಾರ ಮಾಡ್ಲಾಕ ಟೈಮ್ ಕೊಡ್ತದ ಇದು. ನಿನ್ನ ಬಾಯಿಗೂ ಇಂಥಾದ್ದೊಂದು ಬೋಲ್ಟ್ ಕೂಡ್ಸಬೇಕಿತ್ತು ನಮ್ಮಕ್ಕ.”

ನಾನು ನಕ್ಕೆ. ಆಗ ಎಲ್ಲದಕ್ಕೂ ನಗುತ್ತಿದ್ದೆ.

ಬೀದರಿನಲ್ಲಿ ನಾಗರಿಕರಿಗೆ ಬಂದೂಕು ತರಬೇತಿ ನಡೆಯಿತು. ಕೊನೆಯ ದಿನ ಮಾಮಾ ತನ್ನದೇ ಬಂದೂಕಿನಿಂದ ಮೂರು ಗುಂಡು ಹೊಡೆದ. ಗುರಿಯ ಕಾಗದದ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟರೆ ಮೂರೂ ತೂತು ಮುಚ್ಚಿಹೋಗುತ್ತಿದ್ದವು! ಆ ಕಾಗದಕ್ಕೆ ಲ್ಯಾಮಿನೇಶನ್ ಮಾಡಿಸಿ, ಪಡಸಾಲೆಯಲ್ಲಿ ತನ್ನ ಮದುವೆಯ ಫೋಟೋದ ಪಕ್ಕದಲ್ಲೇ ತೂಗುಹಾಕಿದ. ಮನೆಗೆ ಬಂದವರಿಗೆ ನೀರಿಗಿಂತ ಮೊದಲು ನಾಣ್ಯ ಕೊಡುತ್ತಿದ್ದ.

“ಮದಲ ಇಟ್ಟ ನೋಡ್ರಿ, ಆಮ್ಯಾಲ ಚಹಾ. ತುಟ್ಟಿ ಮಾಲು ಬರಾಬರ್ ಇದ್ರ ಅದರಾಗೇನ್ ದೊಡ್ಡಸ್ತನ ರೀ? ರೊಕ್ಕ ಸುರಿದೀರಿ, ಇರಲೇಬೇಕು. ಸಸ್ತಾ ಇದ್ದೂ ಬರಾಬರ್ ಇರಬೇಕು. ನನ್ನಂಗ!”

“ಸಸ್ತಾ ಅನ್ನೂದಂತೂ ಖರೇ ಅದ ನೋಡ್ರಿ,” ಎಂದು ಒಳಗಿನಿಂದ ಅತ್ತೆಯ ದನಿ ಬರುತ್ತಿತ್ತು.

ಇಷ್ಟು ನಿಖರವಾದ ಬಂದೂಕಿನಿಂದ ಮಾಮಾ ಹೊಡೆದದ್ದಾದರೂ ಏನನ್ನು? ಒಂದು ಸಂಜೆ ಅಟ್ಟಣಿಗೆಯ ಮೇಲೆ ನಾನೂ ಜೊತೆಗಿದ್ದೆ. ಮೂವತ್ತು ಹೆಜ್ಜೆ ದೂರದಲ್ಲಿ ಎಮ್ಮೆಯ ಕರುವಿನಷ್ಟು ದೊಡ್ಡ ಹಂದಿ. ಮಾಮಾ ಗುರಿಯಿಟ್ಟ. ನಾನು ಉಸಿರು ಬಿಗಿಹಿಡಿದೆ. ಅವನು ಬಂದೂಕು ಇಳಿಸಿದ.

“ಯಾಕ ಮಾಮಾ?”

“ನಿಶಾನಿ ಅದರ ಎಡಗಿವಿ ಹಿಂದ ಕುಂತಿತ್ತು. ತಪ್ಪತಿದ್ದಿಲ್ಲ. ತಪ್ಪೂದಿಲ್ಲ ಅಂತ ಗೊತ್ತಾದ ಮ್ಯಾಲ ಹೊಡಿಯೂದು ಯಾಕ?”

ಹಾಗೆಂದವನು ಬದುವಿನ ಗೂಟಕ್ಕೆ ಕಟ್ಟಿದ್ದ ಎಣ್ಣೆಯ ಡಬ್ಬಿಗೆ ಹೊಡೆದ. ಠಣ್! ಹಂದಿ ಬೇಸರದಿಂದ ಎದ್ದು ಪಕ್ಕದವರ ಕಬ್ಬಿಗೆ ಹೋಯಿತು. ಪಕ್ಕದವನಿಗೆ ಮಾಮಾನ ಮೇಲೆ ಸಿಟ್ಟು ಬರದೇ ಇರುತ್ತದೆಯೇ?

ಇನ್ನು ಚುನಾವಣೆ. ಚುನಾವಣೆ ಬಂದಾಗಲೆಲ್ಲ ಲೈಸೆನ್ಸಿನ ಬಂದೂಕನ್ನು ಠಾಣೆಯಲ್ಲಿ ಒಪ್ಪಿಸಬೇಕು. ನಮ್ಮಲ್ಲಿ ಚುನಾವಣೆಗೇನು ಬರವೇ? ಲೋಕಸಭೆ, ವಿಧಾನಸಭೆ, ಪಂಚಾಯತಿ! ಮಾಮಾ ಬಂದೂಕಿಗೆ ನಮ್ಮವ್ವ ಹೊಲಿದ ಕೌದಿ ಸುತ್ತಿ, ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು ಬಸ್ಸಿನಲ್ಲಿ ಒಯ್ಯುತ್ತಿದ್ದ.

“ಕೂಸು ಭಾಳ ಉದ್ದ ಅದಲ್ರೀ. ವಯಸ್ಸೆಷ್ಟು?” ಎಂದ ಒಮ್ಮೆ ಕಂಡಕ್ಟರ್.

ಮಾಮಾನಿಗೆ ಸುಳ್ಳು ಬರುವುದಿಲ್ಲ. ಬಂದೂಕು ಕೊಂಡು ಎಷ್ಟಾಯಿತೆಂದು ಲೆಕ್ಕ ಹಾಕಿ, “ಏಳು ರೀ,” ಎಂದ.

ಕಂಡಕ್ಟರ್ ಅರ್ಧ ಟಿಕೀಟು ಹರಿದ. ಮಾಮಾ ತೆಗೆದುಕೊಂಡ!

ಠಾಣೆಗೆ ಕೊಟ್ಟ ಮೇಲೂ ವಾರಕ್ಕೊಮ್ಮೆ ಎಣ್ಣೆಯ ಸೀಸೆ, ಹಳೇ ಬನಿಯನ್ನಿನ ತುಂಡು ಹಿಡಿದು ನೋಡಲು ಹೋಗುತ್ತಿದ್ದ. “ಆರಾಮ ಅದ, ಹೋಗ್ರಿ ಕಾಕಾ,” ಎಂದು ಪೇದೆ ಬಾಗಿಲಲ್ಲೇ ಕಳಿಸುತ್ತಿದ್ದ, ಥೇಟ್ ದವಾಖಾನೆಯ ನರ್ಸಮ್ಮನಂತೆ.

ಇದನ್ನೆಲ್ಲ ನಾನು ಊರೂರಿಗೆ ಮಾಡಿ ತೋರಿಸಿದ್ದೇನೆ. ಭಾಲ್ಕಿಯಲ್ಲಿ ತಂಗಿಯ ಮದುವೆಯಲ್ಲೂ ಮಾಡಿದೆ. ಊಟವಾದ ಮೇಲೆ ಮೈಕು ಕೊಟ್ಟರು. ಕಂಡಕ್ಟರನಾದೆ, ಪಾಟೀಲರಾದೆ, ಡಿಗ್ರಿಯಲ್ಲಿ ಫೇಲಾಗಿ ಅಪ್ಪನ ಮುಂದೆ ನಿಂತ ನಾನೇ ಆದೆ. ಕೊನೆಗೆ ಸಾರಿನ ಸೌಟು ಹಿಡಿದು ಮಾಮಾನಾದೆ. ಟಕ್, ಸರ್ರ್, ಸರ್ರ್, ಟಕ್. ಜನ ನಕ್ಕರು. ಆದರೆ ಹೋದ ಸಲದಷ್ಟು ನಗಲಿಲ್ಲ ಅನ್ನಿಸಿತು. ನನಗೆ ನಗು ಕಡಿಮೆಯಾದರೆ ಎದೆ ಒಡೆಯುತ್ತದೆ. ಆಗ ಮಾಮಾ ಎಂದೂ ಆಡದ ಮಾತೊಂದನ್ನು ಅವನ ದನಿಯಲ್ಲಿ ನಾನೇ ಹೊಸೆದೆ:

“ನನ್ನ ಬದು ದಾಟಿದಾವ ಹಂದಿ ಇರ್ಲಿ, ಬಾಜೂ ಹೊಲದಾವ ಇರ್ಲಿ, ತೂತು ಒಂದೇ ರೂಪಾಯಿದು!”

ಪೆಂಡಾಲ್ ಬಿದ್ದುಹೋಗುವಂತೆ ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವನು ಮುಂದಿನ ಸಾಲಿನಲ್ಲಿ ಕುಳಿತಿದ್ದ ಮಾಮಾ. “ಏಕದಮ್ ಬರಾಬರ್!” ಎಂದು ಕಣ್ಣೊರೆಸಿಕೊಂಡ.

ಯಾರೋ ಪುಣ್ಯಾತ್ಮರು ಅಷ್ಟನ್ನೇ ರೆಕಾರ್ಡ್ ಮಾಡಿ ವಾಟ್ಸಾಪಿಗೆ ಬಿಟ್ಟರು. ನನ್ನ ಮುಖವಿಲ್ಲ, ಸೌಟಿಲ್ಲ, ನಗುವಿಲ್ಲ, ಬರೀ ದನಿ. ಅದು ಪಕ್ಕದ ಹೊಲದವನ ಮೊಬೈಲಿಗೂ ಬಂತು. ಅವನು ಠಾಣೆಗೆ ಹೋದ. ಹೋಗದೆ ಏನು ಮಾಡಿಯಾನು? ಬಂದೂಕಿರುವವನ ಬಾಯಲ್ಲಿ ಅಂಥ ಮಾತು ಕೇಳಿದರೆ ನಾನೂ ಹೋಗುತ್ತಿದ್ದೆ. ಆಗ ಯಾವುದೋ ಚುನಾವಣೆಗೆಂದು ಬಂದೂಕು ಠಾಣೆಯಲ್ಲೇ ಇತ್ತು, ಲೈಸೆನ್ಸ್ ನವೀಕರಣಕ್ಕೂ ಬಂದಿತ್ತು. ಲೈಸೆನ್ಸ್ ಕೊಡುವ ಬೀದರಿನ ಕಚೇರಿಯಿಂದ ಮಾಮಾನಿಗೆ ಕರೆ ಬಂತು. ನಾನೂ ಹೋದೆ. ವೀರನಂತೆ ಹೋದೆ!

ಸಾಹೇಬರು ಮೇಜಿನ ಮೇಲೆ ಮೊಬೈಲಿಟ್ಟು ಆ ದನಿ ಕೇಳಿಸಿದರು.

“ಸರ್, ಅದು ಮಾಮಾ ಅಲ್ಲ ರೀ. ನಾನು. ನಾನು ಮಿಮಿಕ್ರಿ ಮಾಡ್ತೀನಿ ರೀ.”

“ಹೌದಾ? ಹಾಗಾದರೆ ಈಗ ಮಾಡಿ ತೋರಿಸು.”

ಬಾಯಿ ತೆರೆದೆ. ನೆಗಡಿಯಾದ ಬೆಕ್ಕಿನ ದನಿ ಬಂತು. ಮತ್ತೆ ಯತ್ನಿಸಿದೆ. ನನ್ನದೇ ದನಿ ಬಂತು. ಮದುವೆಮನೆಯಲ್ಲಿ ನೂರಾರು ಜನರ ಮುಂದೆ ತಪ್ಪದ ಗುರಿ, ಒಬ್ಬರೆದುರು ತಪ್ಪಿಹೋಯಿತು.

“ಮಾವನನ್ನು ಉಳಿಸೋಕೆ ಬಂದಿದ್ದೀಯಾ? ನೋಡು, ನಿಜವಾಗಿ ನೀನೇ ಆಗಿದ್ದರೆ ನಿನ್ನ ಮೇಲೆ ಕೇಸಾಗುತ್ತೆ. ಯೋಚನೆ ಮಾಡಿ ಹೇಳು.”

ನಾನು ಯೋಚನೆ ಮಾಡಿದೆ. ಹುಟ್ಟಿದ ಮೇಲೆ ಮೊದಲ ಸಲ, ಎರಡು ಮಾತುಗಳ ನಡುವೆ ನಿಂತು ವಿಚಾರ ಮಾಡಿದೆ! ಮಾಮಾ ನನ್ನ ಮುಖವನ್ನೇ ನೋಡುತ್ತಿದ್ದ, ತಕ್ಕಡಿಯ ಮುಳ್ಳು ನೋಡುವಂತೆ. ಅದು ಎತ್ತ ಬಾಗುತ್ತಿದೆ ಎಂಬುದು ಅವನಿಗೆ ತಿಳಿಯಿತು.

“ದನಿ ನಂದೇ ಅದ ರೀ ಸಾಹೇಬ್ರ,” ಎಂದ. “ಚ್ಯಾಷ್ಟಿಗಿ ಅಂದಿದ್ದೆ. ಹುಡುಗನ್ನ ಬಿಟ್ಟಬಿಡ್ರಿ.”

ಅಡತಿಯಲ್ಲಿ ಮೂವತ್ತು ವರ್ಷ ತಕ್ಕಡಿಯ ಮೇಲೆ ಬೆರಳಿಡದವನು ಅವತ್ತು ಇಡೀ ಕೈ ಇಟ್ಟ. ಎಷ್ಟೊಂದು ದನಿ ಬರುವ ನನಗೆ ಆಗ ಒಂದೂ ಬರಲಿಲ್ಲ.

ಲೈಸೆನ್ಸ್ ಹೋಯಿತು. ಠಾಣೆಯಲ್ಲಿದ್ದ ಬಂದೂಕು ಅಲ್ಲೇ ಉಳಿಯಿತು. ಪೇದೆ ಕೌದಿಯನ್ನಷ್ಟೇ ಮರಳಿ ಕೊಟ್ಟ. ಬಸ್ಸಿನಲ್ಲಿ ಮಾಮಾ ಅದನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡಿದ್ದ. ಹಳೆಯ ಕಂಡಕ್ಟರ್ ಗುರುತು ಹಿಡಿದು, “ಕೂಸು ಎಲ್ಲಿ ರೀ?” ಎಂದ.

“ಅದಕ್ಕ ಸರ್ಕಾರಿ ನೌಕರಿ ಸಿಕ್ತು ರೀ,” ಎಂದ ಮಾಮಾ.

ಬಸ್ಸಿನವರೆಲ್ಲ ನಕ್ಕರು. ನಾನು ಕಿಟಕಿಯ ಹೊರಗೆ ನೋಡಿದೆ.

ಆಮೇಲೆ ನಾನು ಯಾರ ದನಿಯನ್ನೂ ತೆಗೆಯಲಿಲ್ಲ. ಹೋದ ತಿಂಗಳು ಹೊಲಕ್ಕೆ ಹೋದಾಗ ಮಾಮಾ ಅಟ್ಟಣಿಗೆಯ ಮೇಲೆ ಒಬ್ಬನೇ ಕುಳಿತಿದ್ದ. ಕೆಳಗೆ ಹಂದಿ ಆರಾಮವಾಗಿ ಶೇಂಗಾ ಕೀಳುತ್ತಿತ್ತು. ಹತ್ತಿ ಪಕ್ಕದಲ್ಲಿ ಕುಳಿತೆ. ತಪ್ಪಾಯಿತು ಎನ್ನಲು ಬಾಯಿ ತೆರೆದೆ.

“ಅಳಿಯಾ, ಒಂದ್ಸಲ ಬೋಲ್ಟ್ ಮಾಡು,” ಎಂದ ಮಾಮಾ.

ಮಾಡಿದೆ. ಟಕ್, ಸರ್ರ್, ಸರ್ರ್, ಟಕ್.

“ಮೂರನೇದು ಜರಾ ಹಗೂರ.”

ಮತ್ತೆ ಮಾಡಿದೆ. ಅವನ ಬಲಗೈ ಗಾಳಿಯಲ್ಲಿ ಅಗಳಿ ಎತ್ತಿತು, ಎಳೆಯಿತು, ತಳ್ಳಿತು, ಒತ್ತಿತು. ಒಂದು ಕಣ್ಣು ಮುಚ್ಚಿ, ಬದುವಿನ ಡಬ್ಬಿಯ ಕಡೆ ನೋಡುತ್ತ ತೋರುಬೆರಳನ್ನು ಮೆಲ್ಲಗೆ ಮಡಚಿದ.

“ಠಣ್!” ಎಂದೆ ನಾನು.

ಹಂದಿ ತಲೆ ಎತ್ತಿ ನೋಡಿ, ಕಬ್ಬಿನ ಕಡೆ ನಡೆಯಿತು.

ಮಾಮಾ ನನ್ನ ತಲೆಯ ಮೇಲೆ ಕೈಯಿಟ್ಟ.

“ಬರಾಬರ್ ಅದ ಅಳಿಯಾ,” ಎಂದ. “ಸಸ್ತಾನೂ ಅದ.”