ಎರಡು ನೆಗೆಟಿವ್, ಒಂದು ಚಿತ್ರ

ಗೊತ್ತಿಲ್ಲದ ವಿಷಯವನ್ನು ಕಲಿಸುವಾಗ ನನಗೆ ಬರುವಷ್ಟು ಧೈರ್ಯ, ಗೊತ್ತಿರುವುದನ್ನು ಕಲಿಸುವಾಗ ಬರುವುದಿಲ್ಲ. ಎಂಬತ್ತರ ದಶಕದ ಕೊನೆಯಲ್ಲಿ ಕೊಳ್ಳೇಗಾಲದ ಹೈಸ್ಕೂಲೊಂದರಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದ ನಾನು ಭಾನುವಾರಗಳಲ್ಲಿ ದೊಡ್ಡವರಿಗೆ ಫೋಟೊಗ್ರಫಿ ಹೇಳಿಕೊಡುತ್ತಿದ್ದೆ. ನನ್ನಲ್ಲಿದ್ದದ್ದು ಒಂದೇ ಪುಸ್ತಕ. ಅದರ ತುಂಬ ನೂರು ವರ್ಷಕ್ಕೂ ಹಿಂದೆ ಯುರೋಪಿನವರು ತೆಗೆದ ಕಡಲತೀರದ ಚಿತ್ರಗಳು. ಹೀಗಾಗಿ ನನ್ನ ಪಾಠವೆಲ್ಲ ಸಮುದ್ರದ್ದೇ. ಆದರೆ ನಾನು ಕಂಡಿದ್ದ ಸಮುದ್ರವೆಂದರೆ ಶಿವನಸಮುದ್ರ ಒಂದೇ. ಈ ಗುಟ್ಟು ಹೆಂಡತಿ ಸರಸಳಿಗೆ ಮಾತ್ರ ಗೊತ್ತಿತ್ತು. "ಅಲೆ ಎಂಗಿರ್ತದೆ ಅಂತ ನಂಗೂ ವಸಿ ಯೋಳ್ರಿ" ಎಂದು ಕೆಣಕುತ್ತಿದ್ದಳು.

ಆ ಕಾಲದ ಕ್ಯಾಮೆರಾಕ್ಕೆ ನೀರು, ಆಕಾಶ ಎರಡೂ ಒಟ್ಟಿಗೆ ಸಿಗುತ್ತಿರಲಿಲ್ಲ. ನೀರು ಸರಿಯಾಗಿ ಬಂದರೆ ಆಕಾಶ ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗಾಗುತ್ತಿತ್ತು. ಅದಕ್ಕೆ ಅವರು ಒಂದು ದಿನದ ಮೋಡ, ಇನ್ನೊಂದು ದಿನದ ಅಲೆ, ಎರಡು ನೆಗೆಟಿವ್ ಸೇರಿಸಿ ಒಂದೇ ಪ್ರಿಂಟ್ ಹಾಕುತ್ತಿದ್ದರು. ಇದನ್ನು ನಾನೇ ಕಂಡುಹಿಡಿದವನಂತೆ ವಿವರಿಸಿದೆ.

ಕೇಳುತ್ತಿದ್ದವರಲ್ಲಿ ಮಧುವನಹಳ್ಳಿಯ ರಾಜಮ್ಮ ಒಬ್ಬಳು. ಬಸ್ ಸ್ಟ್ಯಾಂಡಿನ ಹತ್ತಿರ ಸ್ಟುಡಿಯೊ ಇಟ್ಟಿದ್ದ ಆಕೆಯ ಗಂಡ ಕಾಮಾಲೆಯಾಗಿ ತೀರಿಕೊಂಡಿದ್ದ. ಅಂಗಡಿ ಮುಚ್ಚಬಾರದೆಂದು ಆಕೆ ಕೆಲಸ ಕಲಿಯಲು ಬರುತ್ತಿದ್ದಳು. ಊರಿಗೆಲ್ಲ ಜೋಡಿ ಫೋಟೊ ತೆಗೆದವನು ಹೆಂಡತಿಯ ಜೊತೆ ಒಂದನ್ನೂ ತೆಗೆಸಿಕೊಂಡಿರಲಿಲ್ಲ.

"ಸಾ, ಅವ್ರುದು ಲೈಸೆನ್ಸ್‌ಗೆ ತೆಗೆದ ನೆಗೆಟಿವ್ ಅದೆ. ನಂದೊಂದು ಸೇರ್ಸುದ್ರೆ ಆಯ್ತದಾ?"

"ಅದು ಕಲೆಯಲ್ಲಮ್ಮ, ಮೋಸ" ಎಂದೆ.

"ಬಿಳೀ ಜನ ಮಾಡುದ್ರೆ ಕಲೆ, ನಾ ಮಾಡುದ್ರೆ ಮೋಸವಾ ಸಾ?"

ಮುಂದಿನ ಭಾನುವಾರ ಆಕೆ ತಾನೇ ಮಾಡಿದ ಪ್ರಿಂಟ್ ತಂದಳು. ಗಂಡ ಹೆಂಡತಿ ಅಕ್ಕಪಕ್ಕ ನಿಂತಿದ್ದರು. ಸೇರಿಸಿದ ಗೆರೆ ಹುಡುಕಿದರೂ ಕಾಣದು. ನಾನಾದರೋ ಮೇಷ್ಟ್ರು, ತಪ್ಪು ಸಿಗದಿದ್ದರೆ ನಿದ್ದೆ ಬಾರದ ಜಾತಿ. ಪ್ರಿಂಟನ್ನು ಎತ್ತಿ ಹಿಡಿದು ಎಲ್ಲರಿಗೂ ತೋರಿಸಿದೆ. "ನೋಡಿ, ಇವರಿಗೆ ಬೆಳಕು ಎಡದಿಂದ, ಅವರಿಗೆ ಬಲದಿಂದ. ಇಬ್ಬರೂ ಬೇರೆ ಬೇರೆ ಲೋಕದಲ್ಲಿದ್ದಾರೆ."

ಯಾರೂ ನಗಲಿಲ್ಲ. ನಾನು ಏನು ಹೇಳಿದೆನೆಂದು ನನಗೆ ಹೊಳೆಯುವಷ್ಟರಲ್ಲಿ ರಾಜಮ್ಮ ಪ್ರಿಂಟನ್ನು ಸೆರಗಿನಲ್ಲಿ ಸುತ್ತಿಕೊಂಡಿದ್ದಳು. "ದಿಟ ಸಾ" ಎಂದಷ್ಟೇ ಹೇಳಿ ಹೋದಳು. ಮತ್ತೆ ಬರಲಿಲ್ಲ. ಕ್ಷಮೆ ಕೇಳೋಣವೆಂದು ಆ ಸ್ಟುಡಿಯೊದ ಮುಂದೆ ಎಷ್ಟೋ ಸಲ ಸೈಕಲ್ ನಿಧಾನ ಮಾಡಿದ್ದೇನೆ, ಇಳಿದದ್ದಿಲ್ಲ.

ಎರಡು ಸಾವಿರದ ಆಸುಪಾಸಿನಲ್ಲಿ ಸರಸ ಹೋದಳು. ತಿಥಿಗೆ ಫೋಟೊ ಬೇಕಾಗಿ ಡಬ್ಬಗಳನ್ನೆಲ್ಲ ಸುರುವಿದೆ. ಮೋಡ, ಬಂಡೆ, ಹೊಳೆದಂಡೆಗಳ ನೂರಾರು ನೆಗೆಟಿವ್. ಸರಸ ಇದ್ದದ್ದು ಮೂರರಲ್ಲಿ. ಮೂರರಲ್ಲೂ ಬಂಡೆ ಎಷ್ಟು ಎತ್ತರವೆಂದು ತೋರಿಸಲು ನಾನೇ ನಿಲ್ಲಿಸಿದ್ದೆ. ಮದುವೆಯ ಫೋಟೊ ಗಾಜಿಗೆ ಅಂಟಿ ಮುಖಗಳೇ ಎದ್ದುಹೋಗಿದ್ದವು. ಇಬ್ಬರೂ ಒಟ್ಟಿಗಿರುವುದು ಒಂದೂ ಉಳಿದಿರಲಿಲ್ಲ.

ಆ ಮೂರರಲ್ಲಿ ಒಳ್ಳೆಯ ನೆಗೆಟಿವ್ ಹಿಡಿದು ಕೊನೆಗೂ ಆ ಸ್ಟುಡಿಯೊದ ಮೆಟ್ಟಿಲು ಹತ್ತಿದೆ. ತಲೆ ನರೆತಿದ್ದ ರಾಜಮ್ಮ "ಬನ್ನಿ ಸಾ" ಎಂದಳು. ಆವತ್ತಿನ ಮಾತಿಗೆ ಕ್ಷಮೆ ಕೇಳಲು ಬಾಯಿ ತೆರೆದೆ. ಆಕೆ ಆಗಲೇ ನೆಗೆಟಿವನ್ನು ಕಿಟಕಿಗೆ ಹಿಡಿದು ಸರಸಳಿಗೆ ಬೆಳಕು ಯಾವ ಕಡೆಯದೆಂದು ನೋಡಿ, ದೀಪವನ್ನು ಬಲಕ್ಕೆ ಎಳೆದು, ನನ್ನನ್ನು ನಿಲ್ಲಿಸಿಯಾಗಿತ್ತು. "ದೀಪ ಇನ್ನೂ ಸ್ವಲ್ಪ ಮೇಲೆ..." ಎಂದು ಅಭ್ಯಾಸಬಲದಿಂದ ಶುರುಮಾಡಿದೆ.

"ವಸಿ ಸುಮ್ಕಿರಿ ಸಾ" ಎಂದಳು. ಆಮೇಲೆ ಕ್ಯಾಮೆರಾದಲ್ಲಿ ನೋಡುತ್ತ, "ಅತ್ಲಾಗೆ ಜರುಗಿ. ಅಮ್ನೋರ್ಗೆ ಜಾಗ ಬ್ಯಾಡ್ವಾ?"

ಜರುಗಿದೆ. ಸರಸ ಬದುಕಿದ್ದಾಗ ಒಮ್ಮೆಯಾದರೂ ಹಾಗೆ ಜರುಗಿದ್ದೆನೇ ಎಂದು ಯೋಚಿಸುತ್ತಿರುವಾಗಲೇ ಕ್ಲಿಕ್ ಆಯಿತು. ಫೋಟೊದಲ್ಲಿ ನನ್ನ ಮುಖ ಪೆಚ್ಚಾಗಿದೆ. ಸರಸ ಮಾತ್ರ ಚೆನ್ನಾಗಿ ಬಂದಿದ್ದಾಳೆ.